ಆರರಿಂದ ಹನ್ನೆರಡು: ಸದ್ದಿಲ್ಲದೆ ಬೆಳೆಯುವ ಮಗುವನ್ನು ಗಮನಿಸುವುದು ಹೇಗೆ?

ಮೊದಲ ಹಲ್ಲು ಮೂಡಿದ ದಿನ ಎಲ್ಲರಿಗೂ ನೆನಪಿರುತ್ತದೆ. ಮೊದಲ ಹೆಜ್ಜೆ ಇಟ್ಟ ದಿನವಂತೂ ಮನೆಮಂದಿಯೆಲ್ಲ ಫೋನ್ ಹಿಡಿದು ನಿಂತಿರುತ್ತೇವೆ. ಆಮೇಲೆ? ಮಗುವಿಗೆ ಆರು ತುಂಬುತ್ತದೆ, ಶಾಲೆ, ಹೋಮ್‌ವರ್ಕ್ ಅಂತ ದಿನಗಳು ಓಡುತ್ತವೆ. ಅಲ್ಲಿಂದ ನಾವು ಕೇಳುವುದು ಎರಡೇ ಪ್ರಶ್ನೆ: ಊಟ ಆಯ್ತಾ, ಮಾರ್ಕ್ಸ್ ಎಷ್ಟು ಬಂತು.

ಒಂದು ದಿನ ಹೋದ ವರ್ಷದ ಪ್ಯಾಂಟ್ ಹಾಕಿಸಲು ಹೋದರೆ ಅದು ಕಣಕಾಲಿನ ಮೇಲೆ ನಿಂತಿರುತ್ತದೆ. ಅರೆ, ಇಷ್ಟೆಲ್ಲ ಯಾವಾಗ ಬೆಳೆದ ಇವನು ಅನಿಸುತ್ತದೆ. ಆರರಿಂದ ಹನ್ನೆರಡರವರೆಗಿನ ಬೆಳವಣಿಗೆ ಹೀಗೇ. ಎಳೆಗೂಸಿನ ಹಾಗೆ ದಿನದಿನಕ್ಕೆ ಬದಲಾಗುವುದಿಲ್ಲ, ಹದಿಹರೆಯದ ಹಾಗೆ ಬಾಗಿಲು ಬಡಿದು ಗಲಾಟೆ ಮಾಡುವುದೂ ಇಲ್ಲ. ಆದರೆ ಹಲ್ಲು ಬದಲಾಗುವುದು, ಮಣಿಕಟ್ಟಿನ ಮೂಳೆ ಗಟ್ಟಿಯಾಗುವುದು, ಕಾರಣ ಕೊಟ್ಟು ವಾದ ಮಾಡಲು ಕಲಿಯುವುದು, ತನ್ನನ್ನು ಬೇರೆಯವರ ಜೊತೆ ಹೋಲಿಸಿಕೊಳ್ಳುವುದು ಎಲ್ಲ ಈ ಆರು ವರ್ಷದಲ್ಲೇ ಆಗುತ್ತದೆ. ಗಮನಿಸದಿದ್ದರೆ ಸಹಾಯ ಬೇಕಿದ್ದ ಜಾಗವೂ ಕಣ್ಣು ತಪ್ಪಿ ಹೋಗುತ್ತದೆ.

ಎರಡು ಮಕ್ಕಳನ್ನು ಈ ವಯಸ್ಸು ದಾಟಿಸುವಾಗ ನಾನು ಮಾಡಿದ್ದು, ಮಾಡಬೇಕಿತ್ತು ಅಂತ ಆಮೇಲೆ ಅನಿಸಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಬೇಕಾಗುವ ಸಾಮಾನು ಕಡಿಮೆ: ಒಂದು ನೋಟ್‌ಬುಕ್, ಒಂದು ಅಳತೆ ಟೇಪು, ಒಂದು ಪೆನ್ಸಿಲ್, ಒಂದು ಟಾರ್ಚ್, ಒಂದೇ ಗಾತ್ರದ ಎರಡು ಲೋಟ, ಇನ್ನೊಂದು ಉದ್ದನೆಯ ಸಪೂರ ಲೋಟ.

ಹೆಜ್ಜೆ 1: ಗೋಡೆಯ ಮೇಲೆ ಒಂದು ಗೆರೆ ಹಾಕಿ

ಎತ್ತರ ಅಳೆಯುವುದು ಸುಲಭ ಅಂತ ಕಾಣುತ್ತದೆ, ಆದರೆ ಮನೆಯಲ್ಲಿ ಹೆಚ್ಚಿನವರು ತಪ್ಪಾಗಿಯೇ ಅಳೆಯುತ್ತಾರೆ. ಚಪ್ಪಲಿ, ಸಾಕ್ಸ್ ತೆಗೆಸಿ. ಜುಟ್ಟು, ಕ್ಲಿಪ್ಪು ಇದ್ದರೆ ಬಿಚ್ಚಿ. ಹಿಮ್ಮಡಿ, ಪೃಷ್ಠ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಿಸಿ. ನೋಟ ನೇರ ಮುಂದಕ್ಕಿರಲಿ. ಗದ್ದ ಎತ್ತಿದರೆ ಅಳತೆ ತಪ್ಪುತ್ತದೆ. ದಪ್ಪ ರಟ್ಟಿನ ಪುಸ್ತಕವೊಂದನ್ನು ತಲೆಯ ಮೇಲೆ ಅಡ್ಡಲಾಗಿ ಇಟ್ಟು, ಅದರ ಒಂದು ಅಂಚು ಗೋಡೆಗೆ ಒತ್ತಿಕೊಂಡಿರುವಂತೆ ನೋಡಿಕೊಳ್ಳಿ. ಪುಸ್ತಕದ ಕೆಳಗಿನ ಅಂಚಿಗೆ ಗೆರೆ ಎಳೆಯಿರಿ. ಪಕ್ಕದಲ್ಲೇ ತಾರೀಖು ಬರೆಯಿರಿ.

ಸಮಯ ಒಂದೇ ಇರಲಿ. ಬೆಳಿಗ್ಗೆ ಎದ್ದಾಗ ನಾವೆಲ್ಲ ಸಂಜೆಗಿಂತ ಸ್ವಲ್ಪ ಉದ್ದ ಇರುತ್ತೇವೆ. ದಿನವಿಡೀ ನಿಂತು ಕೂತು ಬೆನ್ನುಮೂಳೆಯ ನಡುವಿನ ಮೆತ್ತೆಗಳು ತುಸು ಒತ್ತಿಕೊಳ್ಳುವುದೇ ಕಾರಣ. ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ರಾತ್ರಿ ಅಳೆದರೆ ಮಗು ಕುಗ್ಗಿದೆ ಅಂತ ಗಾಬರಿ ಬೀಳುತ್ತೀರಿ.

ಆರು ತಿಂಗಳಿಗೊಮ್ಮೆ ಸಾಕು. ತಿಂಗಳು ತಿಂಗಳು ಅಳೆದರೆ ಬೆಳೆದದ್ದೂ ಅಳತೆಯ ತಪ್ಪೂ ಒಂದೇ ಗಾತ್ರ ಇರುತ್ತದೆ, ಏನೂ ತಿಳಿಯುವುದಿಲ್ಲ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ, ತೂಕ 2ರಿಂದ 3 ಕೆ.ಜಿ. ಏರುತ್ತದೆ. ಇದು ಒಂದೇ ಸಮನೆ ಆಗುವುದಿಲ್ಲ. ಕೆಲವು ತಿಂಗಳು ಸುಮ್ಮನಿದ್ದು ಆಮೇಲೆ ಒಮ್ಮೆಲೇ ಮೇಲೇಳುತ್ತಾರೆ. ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳೆದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮಗು ಕುಳ್ಳಗೆ ಕಾಣುತ್ತದೆಯೋ ಉದ್ದ ಕಾಣುತ್ತದೆಯೋ ಅನ್ನುವುದಕ್ಕಿಂತ, ತನ್ನದೇ ಹೋದ ವರ್ಷದ ಗೆರೆಯಿಂದ ಎಷ್ಟು ಮೇಲೆ ಬಂದಿದೆ ಅನ್ನುವುದು ಮುಖ್ಯ.

ಮಗು ದೊಡ್ಡದಾದ ಮೇಲೆ ಎಷ್ಟು ಎತ್ತರ ಆಗಬಹುದು ಅಂತ ಅಂದಾಜು ಮಾಡಲು ಡಾಕ್ಟರುಗಳು ಒಂದು ಸರಳ ಲೆಕ್ಕ ಬಳಸುತ್ತಾರೆ. ಅಪ್ಪ ಅಮ್ಮನ ಎತ್ತರವನ್ನು ಸೆಂಟಿಮೀಟರಿನಲ್ಲಿ ಕೂಡಿಸಿ. ಗಂಡು ಮಗುವಾದರೆ 13 ಸೇರಿಸಿ, ಹೆಣ್ಣು ಮಗುವಾದರೆ 13 ಕಳೆಯಿರಿ. ಬಂದದ್ದನ್ನು ಎರಡರಿಂದ ಭಾಗಿಸಿ. ಅಪ್ಪ 168, ಅಮ್ಮ 156 ಇದ್ದರೆ ಮಗನಿಗೆ 168.5, ಮಗಳಿಗೆ 155.5 ಬರುತ್ತದೆ. ಇದಕ್ಕಿಂತ ಎಂಟೊಂಬತ್ತು ಸೆಂ.ಮೀ. ಆಚೀಚೆ ಆದರೂ ಸಹಜವೇ. ಇಬ್ಬರೂ ಕುಳ್ಳಗಿರುವ ಮನೆಯಲ್ಲಿ ಮಗು ಮಾತ್ರ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲಬೇಕು ಅಂತ ಬಯಸಿ ಅದರ ತಟ್ಟೆ ತುಂಬಿಸುವುದು ಬೇಡ.

ತೂಕದ ಬಗ್ಗೆ ಒಂದು ಮಾತು. ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಪಟ್ಟಿ ಹಿಡಿದು ಮಕ್ಕಳನ್ನು ಅಳೆಯಬೇಡಿ. ಮಕ್ಕಳಿಗೆ ವಯಸ್ಸು, ಗಂಡು, ಹೆಣ್ಣು ನೋಡಿ ಬೇರೆಯದೇ ಚಾರ್ಟ್ ಇದೆ, ಅದನ್ನು ಡಾಕ್ಟರ್ ಹತ್ತಿರ ನೋಡಬಹುದು. ಮಗುವಿನ ಎದುರಿಗೆ 'ದಪ್ಪ', 'ಕಡ್ಡಿ' ಅನ್ನುವ ಮಾತು ಯಾರೂ ಆಡದಂತೆ ನೋಡಿಕೊಳ್ಳಿ. ಈ ವಯಸ್ಸಿನಲ್ಲಿ ಕೇಳಿದ ಅಂಥ ಮಾತು ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತದೆ.

ಹೆಜ್ಜೆ 2: ಟಾರ್ಚ್ ಹಿಡಿದು ಬಾಯೊಳಗೆ ನೋಡಿ

ಹಾಲುಹಲ್ಲು ಒಟ್ಟು 20. ಆರರ ಹೊತ್ತಿಗೆ ಮುಂದಿನವು ಅಲುಗಾಡಲು ಶುರುವಾಗುತ್ತವೆ, ಹನ್ನೆರಡು ಹದಿಮೂರರ ಹೊತ್ತಿಗೆ ಹೆಚ್ಚಿನ ಮಕ್ಕಳ ಬಾಯಲ್ಲಿ 28 ಶಾಶ್ವತ ಹಲ್ಲುಗಳಿರುತ್ತವೆ. ಬಿದ್ದ ಹಲ್ಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾರ ಕಣ್ಣಿಗೂ ಬೀಳದ ಹಲ್ಲೊಂದಿದೆ, ನಾನು ಹೇಳಬೇಕೆಂದಿರುವುದು ಅದರ ಬಗ್ಗೆ.

ಸುಮಾರು ಆರನೇ ವಯಸ್ಸಿಗೆ, ಹಾಲುಹಲ್ಲಿನ ಸಾಲು ಮುಗಿಯುವ ಕಡೆ, ಅದರ ಹಿಂದೆ, ಮೇಲೆ ಎರಡು ಕೆಳಗೆ ಎರಡು ದವಡೆ ಹಲ್ಲು ಹೊಸದಾಗಿ ಬರುತ್ತವೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಇದೂ ಹಾಲುಹಲ್ಲೇ, ಹುಳುಕಾದರೂ ಬಿದ್ದುಹೋಗುತ್ತದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಅದು ಬೀಳುವ ಹಲ್ಲಲ್ಲ! ಜೀವನಪೂರ್ತಿ ಅಗಿಯಬೇಕಾದ ಹಲ್ಲು ಅದು. ಮೇಲ್ಮೈಯಲ್ಲಿ ಆಳವಾದ ಸಂದುಗಳಿರುವುದರಿಂದ ಬೇಗ ಹುಳುಕು ಹಿಡಿಯುತ್ತದೆ. ನನ್ನ ದೊಡ್ಡ ಮಗನಿಗೆ ಏಳು ವರ್ಷವಾಗಿದ್ದಾಗ ಆ ಹಲ್ಲಿನ ಮೇಲೆ ಕಪ್ಪು ಗೆರೆ ಕಂಡಿತ್ತು. ಬೀಳೋ ಹಲ್ಲು ತಾನೆ ಅಂತ ಸುಮ್ಮನಿದ್ದೆ. ಆಮೇಲೆ ರೂಟ್ ಕೆನಾಲ್ ಮಾಡಿಸಬೇಕಾಯಿತು. ಅವನು ಕುರ್ಚಿಯಲ್ಲಿ ಮಲಗಿ ನನ್ನ ಕೈ ಹಿಡಿದುಕೊಂಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ಮಗುವಿಗೆ ಆರು ದಾಟಿದ್ದರೆ ಇವತ್ತು ರಾತ್ರಿಯೇ ಟಾರ್ಚ್ ಹಿಡಿದು ನೋಡಿ. ಆ ಹಲ್ಲು ಬಂದಿದ್ದರೆ ದಂತವೈದ್ಯರ ಹತ್ತಿರ ಸೀಲೆಂಟ್ ಹಾಕಿಸಬಹುದಾ ಅಂತ ಕೇಳಿ. ಅದು ಸಂದುಗಳನ್ನು ಮುಚ್ಚುವ ತೆಳುವಾದ ಲೇಪ, ನೋವೇನೂ ಇರುವುದಿಲ್ಲ.

ದಿನಕ್ಕೆ ಎರಡು ಸಲ, ಎರಡು ನಿಮಿಷ ಹಲ್ಲುಜ್ಜಿಸಿ. ಏಳೆಂಟು ವರ್ಷದವರೆಗೆ ಹಿಂದಿನ ಹಲ್ಲನ್ನು ನೀವೇ ಒಮ್ಮೆ ಉಜ್ಜಿಬಿಡುವುದು ಒಳ್ಳೆಯದು. ಇನ್ನು ಮೇಲಿನ ಎರಡು ಮುಂಭಾಗದ ಹಲ್ಲುಗಳ ನಡುವೆ ಏಳರಿಂದ ಹನ್ನೊಂದರವರೆಗೆ ಸಂದು ಕಾಣುವುದು ತೀರಾ ಸಾಮಾನ್ಯ. ಕೋರೆಹಲ್ಲು ಇಳಿದು ಬರುವ ಹೊತ್ತಿಗೆ ಅದು ಎಷ್ಟೋ ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಹೆಜ್ಜೆ 3: ದಿನಕ್ಕೆ ಒಂದು ಗಂಟೆ ಉಸಿರು ಏರಲಿ

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಕನಿಷ್ಠ ಮೂರು ದಿನ ಮೂಳೆ, ಸ್ನಾಯು ಗಟ್ಟಿಯಾಗುವಂಥದ್ದು ಇರಬೇಕು. ಜಿಗಿಯುವುದು, ಹತ್ತುವುದು, ಜೋತಾಡುವುದು, ಹಗ್ಗದಾಟ ಎಲ್ಲ ಇದರಲ್ಲೇ ಬರುತ್ತವೆ. ಗಂಟೆಯನ್ನು ಒಟ್ಟಿಗೇ ಮುಗಿಸಬೇಕಿಲ್ಲ, ಹತ್ತು ಹತ್ತು ನಿಮಿಷ ಸೇರಿಸಿದರೂ ಆಯಿತು.

ಆರು ವರ್ಷದ ಮಗು ಚೆಂಡನ್ನು ಎರಡೂ ಕೈಯಿಂದ ಎದೆಗೆ ಅಪ್ಪಿ ಹಿಡಿಯುತ್ತದೆ. ಹತ್ತರ ಹೊತ್ತಿಗೆ ಅದೇ ಮಗು ಚೆಂಡು ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿ ಓಡಿಹೋಗಿ ಒಂದೇ ಕೈಯಲ್ಲಿ ಹಿಡಿಯುತ್ತದೆ. ನಡುವೆ ಆದದ್ದು ಬರೀ ಸ್ನಾಯುವಿನ ಕೆಲಸವಲ್ಲ. ಕಣ್ಣು, ಮಿದುಳು, ಕೈ ಮೂರೂ ಮಾತಾಡಿಕೊಳ್ಳುವ ವೇಗ ಹೆಚ್ಚಿರುತ್ತದೆ. ಆರನೇ ವಯಸ್ಸಿಗೆ ಮಿದುಳು ಗಾತ್ರದಲ್ಲಿ ದೊಡ್ಡವರ ಮಿದುಳಿನ 90 ಶೇಕಡಾಕ್ಕೂ ಮೀರಿರುತ್ತದೆ. ಆಮೇಲೆ ನಡೆಯುವುದು ಒಳಗಿನ ಜೋಡಣೆ: ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ದಪ್ಪವಾಗಿ ಸಂದೇಶ ಬೇಗ ಓಡುತ್ತದೆ, ಬಳಸದ ಸಂಪರ್ಕಗಳು ಕಳಚುತ್ತವೆ, ಬಳಸಿದವು ಗಟ್ಟಿಯಾಗುತ್ತವೆ.

ಅದಕ್ಕೇ ಎಂಟು ವರ್ಷಕ್ಕೇ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಅನ್ನುವುದು. ಈಜು, ಓಟ, ಚೆಂಡು, ಸೈಕಲ್, ಕುಣಿತ, ಎಲ್ಲದರ ರುಚಿ ಸಿಗಲಿ. ದಿನವೂ ಅದೇ ಆಟ, ಅದೇ ಎಸೆತ ಅಂತ ಮಾಡಿದರೆ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಮೃದು ಭಾಗಕ್ಕೆ ಪೆಟ್ಟು ಬೀಳಬಹುದು.

ರಾತ್ರಿ ಹೊತ್ತು 'ಅಮ್ಮಾ, ಕಾಲು ನೋವು' ಅಂತ ಎಬ್ಬಿಸುವ ಮಕ್ಕಳು ತುಂಬ. ಎರಡೂ ಕಾಲಿನ ತೊಡೆ ಅಥವಾ ಮೀನಖಂಡ ನೋಯುತ್ತದೆ, ಒತ್ತಿದರೆ ಹಿತ ಅನಿಸುತ್ತದೆ, ಬೆಳಿಗ್ಗೆ ಎದ್ದು ಮಾಮೂಲಿನಂತೆ ಓಡುತ್ತಾರೆ. ಹೀಗಿದ್ದರೆ ಹೆದರಬೇಡಿ, ಮೆಲ್ಲಗೆ ತಿಕ್ಕಿ, ಬಿಸಿ ಶಾಖ ಕೊಡಿ. ಒಂದೇ ಕಾಲು ಪದೇ ಪದೇ ನೋಯುವುದು, ಕೀಲು ಊದುವುದು, ಜ್ವರ, ಬೆಳಿಗ್ಗೆ ಕುಂಟುವುದು, ಇವುಗಳಲ್ಲಿ ಒಂದಿದ್ದರೂ ಕಾಯದೆ ತೋರಿಸಿ.

ಹೆಜ್ಜೆ 4: ಬರೆಯುವ ಕೈಯನ್ನು ಹತ್ತಿರದಿಂದ ನೋಡಿ

ಇದಕ್ಕೆ ಹತ್ತು ನಿಮಿಷ ಸಾಕು. ಮಗು ಬರೆಯುವಾಗ ಪಕ್ಕದಲ್ಲಿ ಕೂತುಕೊಳ್ಳಿ, ಅಕ್ಷರ ನೋಡಬೇಡಿ, ಕೈ ನೋಡಿ. ನನ್ನ ಮಗ ಬರೆಯುವಾಗ ತೋರುಬೆರಳಿನ ತುದಿ ಬೆಳ್ಳಗಾಗಿರುತ್ತಿತ್ತು, ಅಷ್ಟು ಒತ್ತಿ ಹಿಡಿಯುತ್ತಿದ್ದ. ಪುಟದ ಹಿಂಬದಿ ಸವರಿದರೆ ಅಕ್ಷರಗಳು ಉಬ್ಬಿ ಕೈಗೆ ಸಿಗುತ್ತಿದ್ದವು. ನಾಲ್ಕು ಸಾಲು ಆಗುತ್ತಿದ್ದಂತೆ ಕೈ ಝಾಡಿಸುತ್ತಿದ್ದ. ನಾವು ಅದನ್ನು ಸೋಮಾರಿತನ ಅಂದುಕೊಂಡಿದ್ದೆವು.

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೃದು ಎಲುಬು. ಒಂದೊಂದಾಗಿ ಗಟ್ಟಿಯಾಗುತ್ತಾ ಬಂದು ಕೊನೆಯದು ಮೂಳೆಯಾಗಲು ಶುರುವಾಗುವುದೇ ಒಂಬತ್ತರಿಂದ ಹನ್ನೆರಡರ ಆಸುಪಾಸಿನಲ್ಲಿ. ಹುಡುಗಿಯರಲ್ಲಿ ಸ್ವಲ್ಪ ಮೊದಲು, ಹುಡುಗರಲ್ಲಿ ಸ್ವಲ್ಪ ತಡ. ಬೆರಳಿನ ಸಣ್ಣ ಸ್ನಾಯುಗಳೂ ಇನ್ನೂ ಪಳಗುತ್ತಿರುತ್ತವೆ. ಏಳು ವರ್ಷದ ಕೈಗೆ ಎರಡು ಪುಟ ಒಂದೇ ಉಸಿರಿಗೆ ಬರೆಯಲು ಹೇಳುವುದು ನ್ಯಾಯವಲ್ಲ. ಹತ್ತು ನಿಮಿಷ ಬರೆಸಿ, ಎರಡು ನಿಮಿಷ ಬಿಡುವು ಕೊಡಿ. ಕಾಲು ನೆಲಕ್ಕೋ ಸ್ಟೂಲಿಗೋ ತಾಗಿರಲಿ. ಜೇಡಿಮಣ್ಣು ನಾದುವುದು, ಬಟ್ಟೆಗೆ ಕ್ಲಿಪ್ ಹಾಕುವುದು, ಗುಂಡಿ ಹಾಕುವುದು, ಕತ್ತರಿಯಿಂದ ಗೆರೆಯ ಮೇಲೆ ಕತ್ತರಿಸುವುದು, ಲೇಸ್ ಕಟ್ಟುವುದು: ಕೈ ಬಲವಾಗುವುದು ಇಂಥ ಕೆಲಸದಿಂದ, ಕಾಪಿ ಬರೆಸಿದ್ದರಿಂದಲ್ಲ. ಮೂರು ತಿಂಗಳು ಸಂಜೆ ಹಿಟ್ಟು ನಾದಲು ನನ್ನ ಜೊತೆ ಕೂರಿಸಿಕೊಂಡೆ. ಪುಟದ ಹಿಂದಿನ ಉಬ್ಬು ತಾನಾಗಿ ಕಡಿಮೆಯಾಯಿತು.

ಶಾಲೆಯ ಚೀಲವನ್ನೂ ಒಮ್ಮೆ ತೂಕ ಮಾಡಿ. ಮಗುವಿನ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು. 25 ಕೆ.ಜಿ. ಮಗುವಿಗೆ ಎರಡೂವರೆ ಕೆ.ಜಿ., ಅಷ್ಟೇ.

ಹೆಜ್ಜೆ 5: ನಿದ್ದೆ ಮತ್ತು ಕಣ್ಣು

6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲೇ. ಹಗಲು ಕಲಿತದ್ದು ನೆನಪಿನಲ್ಲಿ ಕೂರುವುದೂ ಆಗಲೇ. ನಿದ್ದೆ ಸಾಲದ ಮಗು ದೊಡ್ಡವರ ಹಾಗೆ ತೂಕಡಿಸುವುದು ಕಡಿಮೆ. ಚಡಪಡಿಸುತ್ತದೆ, ಸಣ್ಣದಕ್ಕೂ ಅಳುತ್ತದೆ, ಕೂತಲ್ಲಿ ಕೂರುವುದಿಲ್ಲ. ಇದನ್ನು ತುಂಟತನ ಅಂದುಕೊಂಡು ಗದರುವ ಮೊದಲು ಒಂದು ವಾರ ಮಲಗಿದ್ದು, ಎದ್ದದ್ದು ಬರೆದಿಡಿ. ಲೆಕ್ಕ ನಿಮಗೇ ಕಾಣುತ್ತದೆ.

ದೂರದ್ದು ಮಸುಕಾಗಿ ಕಾಣುವ ತೊಂದರೆ ಹೆಚ್ಚಾಗಿ ಶುರುವಾಗುವುದು ಈ ವಯಸ್ಸಿನಲ್ಲೇ. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಲ್ಲಿ ಅದು ಕಡಿಮೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಮಗು ನಿಮಗೆ 'ಕಾಣ್ತಾ ಇಲ್ಲ' ಅಂತ ಹೇಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಹೀಗೇ ಕಾಣುತ್ತದೆ ಅಂತ ಅದು ನಂಬಿರುತ್ತದೆ. ಕಣ್ಣು ಕಿರಿದು ಮಾಡುವುದು, ಟಿವಿಗೆ ಹತ್ತಿರ ಹೋಗುವುದು, ತಲೆ ಓರೆ ಮಾಡಿ ನೋಡುವುದು, ಬೋರ್ಡಿನದನ್ನು ಪಕ್ಕದವರ ಪುಸ್ತಕ ನೋಡಿ ಬರೆಯುವುದು ಕಂಡರೆ ಕಣ್ಣು ಪರೀಕ್ಷೆ ಮಾಡಿಸಿ.

ಹೆಜ್ಜೆ 6: ಎರಡು ಲೋಟದ ಆಟ

ಈಗ ತಲೆಯೊಳಗಿನ ಬೆಳವಣಿಗೆ. ನನಗೆ ತುಂಬ ಇಷ್ಟದ ಭಾಗ ಇದು.

ಒಂದೇ ಗಾತ್ರದ ಎರಡು ಲೋಟ ತೆಗೆದುಕೊಳ್ಳಿ. ಎರಡಕ್ಕೂ ಸಮ ನೀರು ಹಾಕಿ. 'ಎರಡರಲ್ಲೂ ಅಷ್ಟೇ ಇದೆಯಾ?' ಅಂತ ಕೇಳಿ, ಮಗು ಹೌದು ಅನ್ನುವವರೆಗೆ ಸರಿಮಾಡಿ. ಆಮೇಲೆ ಮಗು ನೋಡುತ್ತಿರುವಂತೆಯೇ ಒಂದು ಲೋಟದ ನೀರನ್ನು ಉದ್ದನೆಯ ಸಪೂರ ಲೋಟಕ್ಕೆ ಸುರಿಯಿರಿ. 'ಈಗ ಯಾವುದರಲ್ಲಿ ಜಾಸ್ತಿ?' ಅಂತ ಕೇಳಿ.

ನನ್ನ ಮಗಳಿಗೆ ಐದೂವರೆ ಇದ್ದಾಗ ಕೇಳಿದ್ದೆ. ಲೋಟದ ಹತ್ತಿರ ಮುಖ ತಂದು ನೋಡಿ, ಉದ್ದನೆಯದನ್ನು ಮುಟ್ಟಿ, 'ಇದ್ರಲ್ಲಿ' ಅಂದಳು. ಅನುಮಾನವೇ ಇರಲಿಲ್ಲ. ಏಳೂವರೆಯಲ್ಲಿ ಅದೇ ಆಟ ಮತ್ತೆ ಮಾಡಿದೆ. ಲೋಟ ನೋಡಲೇ ಇಲ್ಲ, ನನ್ನ ಮುಖ ನೋಡಿದಳು. 'ಅಮ್ಮಾ, ನೀನು ಸುರಿದಿದ್ದು ಅದೇ ನೀರಲ್ವಾ? ಬೇಕಾದ್ರೆ ವಾಪಸ್ ಹಾಕಿ ನೋಡು.' ನನಗೆ ಮೈ ಜುಮ್ಮೆಂದಿತು. ಯಾರೂ ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896-1980) ಮಕ್ಕಳ ಜೊತೆ ಮಾಡಿದ ಹೆಸರಾಂತ ಪ್ರಯೋಗ ಇದು. ಸುಮಾರು ಏಳರಿಂದ ಹನ್ನೊಂದರವರೆಗೆ ಮಕ್ಕಳು ಕಣ್ಣಿಗೆ ಕಂಡದ್ದನ್ನು ದಾಟಿ ತರ್ಕ ಮಾಡಲು ಕಲಿಯುತ್ತಾರೆ, ಆದರೆ ಆ ತರ್ಕಕ್ಕೆ ಕೈಗೆ ಸಿಗುವ ವಸ್ತುವೊಂದು ಆಸರೆ ಬೇಕು ಅಂತ ಅವರು ಹೇಳಿದರು. 'ವಾಪಸ್ ಹಾಕಿ ನೋಡು' ಅನ್ನುವ ಮಾತಿನಲ್ಲೇ ಎಲ್ಲ ಇದೆ: ಆದದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುಗಿಸಲು ಮಗು ಕಲಿತಿದೆ. 5ಕ್ಕೆ 3 ಕೂಡಿಸಿದರೆ 8 ಆದಮೇಲೆ, 8ರಿಂದ 3 ತೆಗೆದರೆ ಮತ್ತೆ 5 ಅಂತ ತಿಳಿಯುವುದಕ್ಕೂ ಇದೇ ಬುದ್ಧಿ ಬೇಕು.

ಇನ್ನೂ ಎರಡು ಆಟ ಇದೆ. ಜೇಡಿಮಣ್ಣಿನ ಎರಡು ಸಮ ಉಂಡೆ ಮಾಡಿ, ಒಂದನ್ನು ಹಾವಿನಂತೆ ಉದ್ದ ಮಾಡಿ, ಯಾವುದರಲ್ಲಿ ಮಣ್ಣು ಜಾಸ್ತಿ ಅಂತ ಕೇಳಿ. ಆಮೇಲೆ ಎಂಟು ಕೆಂಪು ಹೂ, ಮೂರು ಬಿಳಿ ಹೂ ಇಟ್ಟು, 'ಕೆಂಪು ಹೂ ಜಾಸ್ತಿ ಇದೆಯಾ, ಹೂ ಜಾಸ್ತಿ ಇದೆಯಾ?' ಅಂತ ಕೇಳಿ. ಚಿಕ್ಕವರು ಕೆಂಪು ಅನ್ನುತ್ತಾರೆ. ಕೆಂಪು ಹೂವೂ ಹೂವೇ ಅನ್ನುವುದು ಹೊಳೆದ ಮಗು ನಗುತ್ತದೆ.

ಉತ್ತರ ತಪ್ಪಾದರೆ ತಿದ್ದಬೇಡಿ. ಯಾಕೆ ಹಾಗನಿಸಿತು ಅಂತ ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆರು ತಿಂಗಳು ಬಿಟ್ಟು ಮತ್ತೆ ಆಡಿಸಿ. ಎಲ್ಲ ಆಟವೂ ಒಂದೇ ದಿನ ಹೊಳೆಯುವುದಿಲ್ಲ. ನೀರಿನದು ತಿಳಿದ ಮಗುವಿಗೆ ತೂಕದ್ದು ತಿಳಿಯಲು ಇನ್ನೂ ಒಂದೆರಡು ವರ್ಷ ಹಿಡಿಯಬಹುದು.

ಇದರಿಂದ ದಿನನಿತ್ಯಕ್ಕೆ ಏನು ಉಪಯೋಗ? ಗಣಿತ ಅರ್ಥವಾಗದೆ ಅಳುತ್ತಿರುವ ಎಂಟು ವರ್ಷದ ಮಗುವಿಗೆ ಅದೇ ವಾಕ್ಯವನ್ನು ಜೋರಾಗಿ ಹೇಳಬೇಡಿ. ಕೈಗೆ ಏನಾದರೂ ಕೊಡಿ. ಭಿನ್ನರಾಶಿಗೆ ಕಾಗದ ಮಡಿಸಿ, ಭಾಗಾಕಾರಕ್ಕೆ ಬೀಜ ಹಂಚಿ, ಗುಣಾಕಾರಕ್ಕೆ ಗುಂಡಿಗಳನ್ನು ಸಾಲಾಗಿ ಜೋಡಿಸಿ. 'ಒಂದು ವೇಳೆ ಹೀಗಿದ್ದರೆ' ಅನ್ನುವ ಬರೀ ಊಹೆಯ ಲೆಕ್ಕ ಸಲೀಸಾಗುವುದು ಹನ್ನೊಂದು ಹನ್ನೆರಡರ ನಂತರ.

ಹೆಜ್ಜೆ 7: ತಲೆಯಲ್ಲಿ ಎಷ್ಟು ನಿಲ್ಲುತ್ತದೆ ಅಂತ ತಿಳಿದುಕೊಳ್ಳಿ

ಸೆಕೆಂಡಿಗೆ ಒಂದರಂತೆ ಅಂಕಿ ಹೇಳಿ, ಮಗುವಿಗೆ ಅದೇ ಕ್ರಮದಲ್ಲಿ ತಿರುಗಿ ಹೇಳಲು ಹೇಳಿ. ಮೂರರಿಂದ ಶುರುಮಾಡಿ ಒಂದೊಂದೇ ಹೆಚ್ಚಿಸಿ. ಆರೇಳು ವರ್ಷಕ್ಕೆ ಸುಮಾರು ನಾಲ್ಕೈದು ಅಂಕಿ ನಿಲ್ಲುತ್ತದೆ, ಹತ್ತು ಹನ್ನೊಂದಕ್ಕೆ ಐದಾರು. ದೊಡ್ಡವರಿಗೇ ಏಳರ ಆಸುಪಾಸು. ಇದು ಪರೀಕ್ಷೆಯಲ್ಲ, ಆಟ. ಆದರೆ 'ಬ್ಯಾಗ್ ಒಳಗಿಡು, ಕೈಕಾಲು ತೊಳ್ಕೊ, ಬಟ್ಟೆ ಬದಲಾಯಿಸು, ಬರ್ತಾ ನೀರಿನ ಬಾಟಲಿ ತಗೊಂಡ್ ಬಾ' ಅಂತ ಒಟ್ಟಿಗೆ ಹೇಳಿದಾಗ ಮಗು ಬಾಟಲಿ ಮಾತ್ರ ಹಿಡಿದು ಬಂದದ್ದು ಯಾಕೆ ಅಂತ ನಿಮಗೆ ಅರ್ಥವಾಗುತ್ತದೆ. ಬೇಕಂತಲೇ ಮರೆತದ್ದಲ್ಲ, ಜಾಗ ಸಾಲಲಿಲ್ಲ. ಒಂದು ಸಲಕ್ಕೆ ಎರಡು ಕೆಲಸ ಹೇಳಿ. ದಿನವೂ ಇರುವುದನ್ನು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ.

ನೆನಪಿಟ್ಟುಕೊಳ್ಳುವ ಉಪಾಯವೂ ಕಲಿತೇ ಬರುವಂಥದ್ದು. 1966ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾವೆಲ್ ಮತ್ತು ಸಂಗಡಿಗರು ಮಕ್ಕಳಿಗೆ ಚಿತ್ರ ತೋರಿಸಿ, ಕಣ್ಣು ಮರೆಯಾಗುವ ಆಟದ ಹೆಲ್ಮೆಟ್ ಹಾಕಿಸಿ, ಸ್ವಲ್ಪ ಹೊತ್ತು ಕಾಯಿಸಿದರು. ಆಗ ಅವರು ನೋಡಿದ್ದು ಮಕ್ಕಳ ತುಟಿಯನ್ನು! ಐದು ವರ್ಷದವರಲ್ಲಿ ತುಟಿ ಅಲುಗಿದ್ದು ತೀರಾ ಕಡಿಮೆ. ಹತ್ತು ವರ್ಷದವರಲ್ಲಿ ಹೆಚ್ಚಿನವರು ಹೆಸರುಗಳನ್ನು ತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ನೀವು ಮನೆಯಲ್ಲಿ ಇದನ್ನೇ ಬಾಯಿಬಿಟ್ಟು ಮಾಡಿ ತೋರಿಸಿ. 'ನಾನು ಮೂರು ಸಾಮಾನು ತರಬೇಕು, ಮರೀಬಾರದು ಅಂತ ಮೂರು ಸಲ ಹೇಳ್ಕೊಳ್ತೀನಿ ನೋಡು' ಅನ್ನಿ. ಎಂಟೊಂಬತ್ತಕ್ಕೆ ಗುಂಪು ಮಾಡುವುದು ಹೇಳಿಕೊಡಿ: ಹನ್ನೆರಡು ವಸ್ತು ನೆನಪಿಡುವುದಕ್ಕಿಂತ ಮೂರು ಬಗೆಯ ನಾಲ್ಕು ನಾಲ್ಕು ವಸ್ತು ನೆನಪಿಡುವುದು ಸುಲಭ, ಅಲ್ವಾ? ಹತ್ತಕ್ಕೆ, ಪಾಠ ಮುಚ್ಚಿಟ್ಟು ತನಗೆ ತಾನೇ ಪ್ರಶ್ನೆ ಕೇಳಿಕೊಳ್ಳುವುದನ್ನು ಕಲಿಸಿ. ಹತ್ತು ಸಲ ಸುಮ್ನೆ ಓದುವುದಕ್ಕಿಂತ ಇದು ಚೆನ್ನಾಗಿ ತಲೆಯಲ್ಲಿ ಉಳಿಯುತ್ತದೆ.

ರಸ್ತೆಯ ವಿಷಯದಲ್ಲಿ ಮಾತ್ರ ಮಗುವಿನ ಜಾಣತನ ನಂಬಬೇಡಿ. ಬರುತ್ತಿರುವ ಗಾಡಿಯ ವೇಗ, ದೂರ ಎರಡನ್ನೂ ಸೇರಿಸಿ ಅಂದಾಜು ಮಾಡುವುದು ಹತ್ತರ ಒಳಗಿನ ಮಕ್ಕಳಿಗೆ ಕಷ್ಟ. ನಿಯಮ ಬಾಯಿಪಾಠ ಬಂದರೂ ಕೈ ಹಿಡಿದೇ ದಾಟಿಸಿ.

ಹೆಜ್ಜೆ 8: ಎಷ್ಟು ಸಹಾಯ ಮಾಡಬೇಕು?

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ (1896-1934) ಒಂದು ಒಳ್ಳೆಯ ಅಳತೆಗೋಲು ಕೊಟ್ಟಿದ್ದಾರೆ. ಮಗು ಒಬ್ಬಂಟಿಯಾಗಿ ಮಾಡುವ ಕೆಲಸ ಒಂದು ಕಡೆ, ಎಷ್ಟು ಸಹಾಯ ಮಾಡಿದರೂ ಆಗದ ಕೆಲಸ ಇನ್ನೊಂದು ಕಡೆ. ಇವೆರಡರ ನಡುವೆ, ಸ್ವಲ್ಪ ಆಸರೆ ಕೊಟ್ಟರೆ ಆಗುವ ಜಾಗವಿದೆಯಲ್ಲ, ಕಲಿಕೆ ನಡೆಯುವುದು ಅಲ್ಲಿ.

ಹಾಗಾಗಿ ಲೆಕ್ಕ ತೋರಿಸಿಕೊಂಡು ಬಂದ ಮಗುವಿಗೆ ಉತ್ತರ ಹೇಳಬೇಡಿ, 'ನೀನೇ ಮಾಡು' ಅಂತ ಕಳಿಸಲೂಬೇಡಿ. 'ಎಲ್ಲಿವರೆಗೆ ಗೊತ್ತಾಯ್ತು?' ಅಂತ ಕೇಳಿ. ಅಲ್ಲಿಂದ ಒಂದೇ ಮೆಟ್ಟಿಲು ತೋರಿಸಿ, ಸುಮ್ಮನಾಗಿ. ಆ ಸುಮ್ಮನಾಗುವುದೇ ಕಷ್ಟ. ನಾನು ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತಿದ್ದೆ. ಹದಿನೈದರ ಹೊತ್ತಿಗೆ ಎಷ್ಟೋ ಸಲ ಪೆನ್ಸಿಲ್ ತಾನಾಗಿ ಓಡುತ್ತಿತ್ತು.

ಏಳೆಂಟಕ್ಕೆ ಮಕ್ಕಳು ತಮ್ಮನ್ನು ಬೇರೆಯವರ ಜೊತೆ ತಾವೇ ಹೋಲಿಸಿಕೊಳ್ಳಲು ಶುರುಮಾಡುತ್ತಾರೆ. ಚಿತ್ರದಲ್ಲಿ ಅವಳು ಮುಂದೆ, ಓಟದಲ್ಲಿ ಇವನು ಮುಂದೆ, ನಾನು ಯಾವುದರಲ್ಲಿ? ಈ ವಯಸ್ಸಿನ ದೊಡ್ಡ ಪ್ರಶ್ನೆಯೇ 'ನನ್ನ ಕೈಲಿ ಆಗುತ್ತಾ?' ಅನ್ನುವುದು ಅಂತ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳಿದ್ದರು. ಒಳಗೇ ಇಷ್ಟು ಹೋಲಿಕೆ ನಡೆಯುತ್ತಿರುವಾಗ ನಾವು ಹೊರಗಿನಿಂದ ಪಕ್ಕದ ಮನೆಯ ಮಗುವನ್ನು ತಂದು ನಿಲ್ಲಿಸಬೇಕಾ? ಮನೆಯಲ್ಲಿ ಮಗುವಿನದೇ ಅಂತ ಒಂದು ಕೆಲಸ ಇರಲಿ. ಗಿಡಕ್ಕೆ ನೀರು, ಬಟ್ಟೆ ಮಡಿಸುವುದು, ಏನಾದರೂ ಸರಿ. ಅದು ಮಾಡದಿದ್ದರೆ ಮನೆಗೆ ನಿಜವಾಗಿ ತೊಂದರೆ ಆಗುವಂಥದ್ದಾಗಿರಲಿ.

ಹೊಗಳಿಕೆಯಲ್ಲೂ ಜಾಗ್ರತೆ ಬೇಕು. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಅಧ್ಯಯನದಲ್ಲಿ, 'ನೀನು ಜಾಣ' ಅಂತ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಆಮೇಲೆ ಕಷ್ಟದ ಪ್ರಶ್ನೆ ಬಂದಾಗ ಬೇಗ ಸೋತರು, 'ಚೆನ್ನಾಗಿ ಪ್ರಯತ್ನ ಪಟ್ಟೆ' ಅನಿಸಿಕೊಂಡವರು ಹಿಡಿದು ಕೂತರು. 'ಜಾಣೆ' ಅನ್ನುವ ಬದಲು 'ಎರಡು ಸಲ ತಪ್ಪಾದ್ರೂ ಬಿಡಲಿಲ್ಲ ನೀನು' ಅನ್ನಿ. ಏನು ನೋಡಿದಿರೋ ಅದನ್ನೇ ಹೇಳಿ.

ಹೆಜ್ಜೆ 9: ದೊಡ್ಡವರಾಗುವ ಮಾತನ್ನು ಬೇಗ ಆಡಿ

ಹೆಣ್ಣುಮಕ್ಕಳಲ್ಲಿ 8ರಿಂದ 13ರ ನಡುವೆ, ಗಂಡುಮಕ್ಕಳಲ್ಲಿ 9ರಿಂದ 14ರ ನಡುವೆ ದೇಹ ಬದಲಾಗಲು ಶುರುವಾಗುತ್ತದೆ. ಅಂದರೆ ಮೂರನೇ ತರಗತಿಯ ಹುಡುಗಿಗೆ ಎದೆಯಲ್ಲಿ ಸಣ್ಣ ಗಂಟು ಕಾಣಿಸಿದರೂ ಅದು ಸಹಜವೇ ಆಗಿರಬಹುದು. ಮುಟ್ಟಿನ ಬಗ್ಗೆ ಆದ ಮೇಲೆ ಹೇಳೋಣ ಅಂತ ಕಾಯಬೇಡಿ. ಎಂಟೊಂಬತ್ತರಲ್ಲೇ, ಹಲ್ಲು ಬಿದ್ದ ವಿಷಯ ಮಾತಾಡಿದಷ್ಟೇ ಸಹಜವಾಗಿ ಹೇಳಿ. ಗಂಡುಮಕ್ಕಳಿಗೂ ಹೇಳಿ. ಹುಡುಗಿಯಲ್ಲಿ 8ಕ್ಕೆ ಮೊದಲು, ಹುಡುಗನಲ್ಲಿ 9ಕ್ಕೆ ಮೊದಲು ಈ ಬದಲಾವಣೆ ಕಂಡರೆ ಡಾಕ್ಟರನ್ನು ಕಾಣಿ.

ಹೆಜ್ಜೆ 10: ಯಾವಾಗ ಸಹಾಯ ಕೇಳಬೇಕು

ಎತ್ತರ, ಕಾಲುನೋವು, ಕಣ್ಣಿನ ವಿಷಯ ಆಗಲೇ ಹೇಳಿದೆ. ಉಳಿದದ್ದು ಓದು ಮತ್ತು ಗಮನ.

ಅಕ್ಷರ ತಿರುಗುಮುರುಗು ಬರೆಯುವುದು ಏಳರವರೆಗೆ ಸಾಮಾನ್ಯ. ಎಂಟು ದಾಟಿದ ಮೇಲೂ ಅಕ್ಷರ ಕೂಡಿಸಿ ಓದಲು ಒದ್ದಾಡುತ್ತಿದ್ದರೆ, ಬಾಯಲ್ಲಿ ಚೆನ್ನಾಗಿ ಹೇಳುವ ಮಗು ಬರೆಯಲು ಕೂತಾಗ ಮಾತ್ರ ಸೋಲುತ್ತಿದ್ದರೆ, ಕಲಿಕೆಯ ತೊಂದರೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಎಂಟೊಂಬತ್ತರವರೆಗೆ ಮಕ್ಕಳು ಓದಲು ಕಲಿಯುತ್ತಾರೆ, ಅಲ್ಲಿಂದ ಮುಂದೆ ಓದಿಯೇ ಕಲಿಯಬೇಕಾಗುತ್ತದೆ. ಆ ತಿರುವಿನಲ್ಲಿ ಹಿಂದೆ ಬಿದ್ದರೆ ಎಲ್ಲ ವಿಷಯವೂ ಒಟ್ಟಿಗೆ ಭಾರವಾಗುತ್ತದೆ. 'ದೊಡ್ಡವನಾದ್ರೆ ಸರಿ ಹೋಗುತ್ತೆ' ಅಂತ ಎರಡು ವರ್ಷ ಕಳೆದುಬಿಡಬೇಡಿ, ದಯವಿಟ್ಟು.

ಗಮನ ನಿಲ್ಲದಿರುವುದು ಮನೆಯಲ್ಲಿ ಮಾತ್ರವೋ, ಶಾಲೆಯಲ್ಲೂ ಹಾಗೆಯೋ ನೋಡಿ. ಎರಡೂ ಕಡೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹಾಗಿದ್ದು, ಓದಿಗೋ ಗೆಳೆತನಕ್ಕೋ ಅಡ್ಡಿಯಾಗುತ್ತಿದ್ದರೆ ಮಕ್ಕಳ ತಜ್ಞರನ್ನು ಕೇಳಿ. ಮೊದಲು ಬರುತ್ತಿದ್ದ ಕೌಶಲ ಕಳೆದುಹೋದರೆ, ಚೆನ್ನಾಗಿದ್ದ ಮಗು ವಾರಗಟ್ಟಲೆ ಮಂಕಾದರೆ, ಶಾಲೆ ಅಂದರೆ ಹೊಟ್ಟೆನೋವು ಬರುತ್ತಿದ್ದರೆ ಆರು ತಿಂಗಳು ಕಾಯುವ ಮಾತೇ ಇಲ್ಲ.

ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಡಾಕ್ಟರ್ ಮೊದಲು ಕೇಳುವ ಪ್ರಶ್ನೆ 'ಯಾವಾಗಿಂದ ಹೀಗಿದೆ?' ಅನ್ನುವುದು. ನೋಟ್‌ಬುಕ್ ಇಲ್ಲದಿದ್ದಾಗ ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು 'ಸುಮಾರು ದಿನದಿಂದ' ಅಂದಿದ್ದೆವು. ಎರಡನೆಯ ಮಗುವಿನ ಹೊತ್ತಿಗೆ ಪುಟ ತಿರುವಿ ತಾರೀಖು ತೋರಿಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು, ಮೂರು ಪುಟ ಪೂರ್ತಿ ಓದಿ, ಆಮೇಲೆ ಮಗುವಿನ ಕಡೆ ತಿರುಗಿದರು.